ಪಾರಾ ಹೋದ ಕನ್ನಡಿ

ಹೋದ ವಾರ ಗೋಕಾಕದಲ್ಲಿ ಲ್ಯಾಪ್‌ಟಾಪ್ ರಿಪೇರಿಯವನ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆ. ಅಕ್ಕನ ಮಗ ಆಟ ಆಡಿ ಆಡಿ ಅದನ್ನು ರೊಟ್ಟಿ ಬೇಯಿಸುವಷ್ಟು ಬಿಸಿ ಮಾಡಿಟ್ಟಿದ್ದ. ರಿಪೇರಿಯವನು ಎಲ್ಲ ಬಿಚ್ಚಿ, ಒಳಗಿನ ಚಿಪ್ ಮೇಲೆ ಸಣ್ಣ ಸಿರಿಂಜಿನಿಂದ ಬೆಳ್ಳಗೆ ಹೊಳೆಯುವ ಒಂದು ಹನಿ ಬಿಟ್ಟ. ಹನಿ ಒಂದು ಗಳಿಗೆ ದುಂಡಗೆ ನಿಂತಿತು. ಅವನು ಹತ್ತಿ ಸುತ್ತಿದ ಕಡ್ಡಿಯಿಂದ ತಿಕ್ಕಿದ ಕೂಡಲೇ ಹರಡಿಕೊಂಡು ಉಗುರಿನಷ್ಟಗಲ ಕನ್ನಡಿಯಾಯಿತು.

“ಲಿಕ್ವಿಡ್ ಮೆಟಲ್ ರಿ ಮೇಡಂ. ಒಳಗಿನ ಕಾವೆಲ್ಲಾ ಜಗ್ಗಿ ಹೊರಗ ಹಾಕತೈತಿ. ಆದ್ರ ಬಾಳ ನಾಜೂಕ ಕೆಲಸ. ಅಲ್ಯುಮಿನಿಯಂಗ ಮುಟ್ಟಿದ್ರ ಮುಗೀತು, ಪುಡಿ ಪುಡಿ,” ಎಂದ.

ನಾನು ಹೂಂ ಎಂದೆ. ವರ್ಷಗಟ್ಟಲೆ ಕಾಲೇಜಿನ ಹುಡುಗರಿಗೆ ಇದನ್ನೇ ಪಾಠ ಮಾಡಿದವಳು ನಾನು. ಬೇರೆ ದಿನವಾಗಿದ್ದರೆ ಅವನ ತಲೆಯನ್ನೂ ಅರ್ಧ ತಾಸು ತಿಂದಿರುತ್ತಿದ್ದೆ. ಅವತ್ತು ಆ ಹನಿ ಹರಡಿದ್ದನ್ನು ನೋಡಿದ್ದೇ ಚಾಚಾ ನೆನಪಾಗಿಬಿಟ್ಟರು…

ಚಾಚಾ ಅಂದರೆ ನಮ್ಮ ಸಂಬಂಧಿಕರೇನಲ್ಲ. ನಾನು ಗೋಕಾಕದಲ್ಲಿ ಬಾಡಿಗೆಗಿದ್ದ ಓಣಿಯ ಮೂಲೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಹಿಂದೆ ಮನೆ, ಮುಂದೆ ಅಂಗಡಿ. ಓಣಿಯವರೆಲ್ಲ ಚಾಚಾ ಅನ್ನುತ್ತಿದ್ದರು, ನಾನೂ ಅಂದೆ. ಅವರು ನನ್ನನ್ನು ಅಕ್ಕೋರ ಎಂದು ಕರೆಯುತ್ತಿದ್ದರು. ಕಾಲೇಜಿನವರನ್ನು ಹಾಗೆ ಕರೆಯುವುದಿಲ್ಲ, ಸಾಲಿ ಕಲಿಸುವವರನ್ನು ಕರೆಯುತ್ತಾರೆ ಎಂದು ನಾನು ಹೇಳಿದರೆ, “ಕಲಸೂದು ಕಲಸೂದs ಅಲ್ರಿ, ಸಾಲಿ ಆದರೇನು ಕಾಲೇಜ ಆದರೇನು?” ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಮೊದಲ ಸಲ ಅವರ ಅಂಗಡಿಗೆ ಹೋದದ್ದು ನಮ್ಮವ್ವನ ಫೋಟೋ ಹಿಡಿದುಕೊಂಡು. ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಯಾರದೋ ಮದುವೆಯಲ್ಲಿ ತೆಗೆದದ್ದು, ಅವ್ವ ಯಾರಿಗೋ ಊಟಕ್ಕೆ ಏಳಿರೆಂದು ಕೈ ಮಾಡುತ್ತಿರುವುದು. ಅವಳೊಬ್ಬಳನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದೆ. ಚಾಚಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಇವರು ಇದ್ದಾರೋ ಇಲ್ಲವೋ ಎಂದು ಕೇಳಲಿಲ್ಲ. “ಹಾರ ಹಾಕವರೇನ್ರಿ?” ಎಂದು ಮಾತ್ರ ಕೇಳಿದರು, ತಲೆ ಎತ್ತದೆ. ಹೌದೆಂದರೆ ಕಟ್ಟಿನ ಮೇಲಂಚಿಗೆ ಎರಡು ಸಣ್ಣ ಮೊಳೆ ಹೊಡೆದು ಕೊಡುತ್ತಿದ್ದರು. ಅವ್ವ ಹೋಗಿ ಆಗಿನ್ನೂ ತಿಂಗಳೂ ಆಗಿರಲಿಲ್ಲ. ಸತ್ತುಹೋದಳು ಎಂಬ ಮಾತನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಲಾಗದೆ ಒದ್ದಾಡುತ್ತಿದ್ದ ದಿನಗಳವು. ಹೌದ್ರಿ ಅಂದೆ. ಅಷ್ಟೇ ಸಾಕಾಯಿತು. ಆ ಒಂದು ಪ್ರಶ್ನೆಗಾಗಿ ನನಗೆ ಅವರು ಜೀವಕ್ಕೆ ಹತ್ತಿರವಾದರು.

ಆಮೇಲೆ ಸಂಜೆ ಹುಕ್ಕೇರಿ ಬಸ್ಸಿನಿಂದ ಇಳಿದವಳು ನೇರ ಮನೆಗೆ ಹೋದದ್ದು ಕಡಿಮೆ. ನನ್ನ ಕಾಲೇಜು ಇದ್ದದ್ದು ಹುಕ್ಕೇರಿ ತಾಲೂಕಿನಲ್ಲಿ. ಬಸ್ಸಿನಲ್ಲಿ ಅಲುಗಾಡಿ ಅಲುಗಾಡಿ ಸುಸ್ತಾಗಿ ಬಂದು ಚಾಚಾನ ಅಂಗಡಿಯ ಬಾಕಿನ ಮೇಲೆ ಕೂತರೆ, ಒಳಗಿನಿಂದ ಸೊಸೆ ಚಹಾ ಕಳಿಸುತ್ತಿದ್ದಳು. ಚಾಚಾ ಗಾಜು ಕೊಯ್ಯುವ ಸದ್ದು, ಅಂಟಿನ ವಾಸನೆ, ಕಟ್ಟಿಗೆಯ ಪುಡಿ. ಮಗ ಕಿಟಕಿಗಳಿಗೆ ಅಲ್ಯುಮಿನಿಯಂ ಕೂಡಿಸುವ ಕೆಲಸ ಮಾಡುತ್ತಿದ್ದ, ಅವನ ತುಂಡು ಪಟ್ಟಿಗಳೆಲ್ಲ ಅಂಗಡಿಯ ಮೂಲೆಯಲ್ಲಿ ಬಿದ್ದಿರುತ್ತಿದ್ದವು. ಗೋಡೆಯ ತುಂಬ ಊರ ಮಂದಿ… ತಗೊಂಡು ಹೋಗಲು ಬಾರದವರ ಫೋಟೋಗಳನ್ನೂ ಅವರು ಎಸೆಯುತ್ತಿರಲಿಲ್ಲ. ವಾರಕ್ಕೊಮ್ಮೆ ಎಲ್ಲರ ಮುಖವನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

ರಿಪೇರಿಯವನ ಆ ಹನಿಯೊಳಗಿನ ಮುಖ್ಯ ಲೋಹ ಗ್ಯಾಲಿಯಂ, ಅದು ಚಾಚಾನ ಕೈಗೆ ಬಂದದ್ದು ಒಂದು ಚಳಿಗಾಲದಲ್ಲಿ. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನವಿತ್ತು. ನನ್ನ ಸಂಶೋಧನೆಯ ವಿಷಯ ಅದೇ ಲೋಹವಾದ್ದರಿಂದ ಹುಡುಗರಿಗೆ ತೋರಿಸಲೆಂದು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದಿದ್ದೆ. ಗಾಜಿನ ಬಾಟಲಿಯಲ್ಲಿ ಇಡುವ ಹಾಗಿಲ್ಲ. ಬೇರೆ ಲೋಹಗಳು ಗಟ್ಟಿಯಾದಾಗ ಕುಗ್ಗಿದರೆ ಇದು ನೀರಿನ ಹಾಗೆ ಹಿಗ್ಗಿ ಗಾಜನ್ನೇ ಸೀಳುತ್ತದೆ. ಇನ್ನೂ ಇದರ ಚೇಷ್ಟೆ ಒಂದೆರಡಲ್ಲ. ಚಳಿಯಲ್ಲಿ ಕಲ್ಲು, ಅಂಗೈ ಕಾವಿಗೆ ನೀರು. ಒಮ್ಮೆ ಕರಗಿತೆಂದರೆ ಮತ್ತೆ ಗಟ್ಟಿಯಾಗಲು ಹಟ ಮಾಡುತ್ತದೆ. ಕರಗುವುದು ಬೆಣ್ಣೆಯಂತೆ ಸಲೀಸಾದರೂ ಕುದಿಸಬೇಕೆಂದರೆ ಯಾವ ಒಲೆಯ ಕೈಲೂ ಆಗದು. ಬೇರೆ ಒಂದೆರಡು ಲೋಹ ಬೆರೆಸಿ ರಬ್ಬರಿನ ನಳಿಗೆಯೊಳಗೆ ತುಂಬಿದರೆ, ಎಷ್ಟು ಜಗ್ಗಿದರೂ ಹರಿಯದ ತಂತಿ. ನಾನು ಆ ತಂತಿಯ ಹಿಂದೆ ಬಿದ್ದು ತಲೆಗೂದಲು ಬೆಳ್ಳಗಾಗಿಸಿಕೊಂಡವಳು.

ಪ್ರದರ್ಶನ ಮುಗಿಸಿ ಮೂಡಲಗಿಯಿಂದ ಬಂದವಳು ರೂಢಿಯಂತೆ ಅಂಗಡಿಯಲ್ಲಿ ಕೂತೆ. ಬಾಟಲಿ ಅಲುಗಿಸಿ ಬೆಳ್ಳಿಯ ಚೂರಿನಂಥದ್ದನ್ನು ಚಾಚಾನ ಅಂಗೈಗೆ ಹಾಕಿದೆ.

“ಇದೇನ್ರಿ, ಪಾರಾ ಗಟ್ಟಿ ಮಾಡೀರಿ?” ಅಂದರು. ಪಾರಾ ಅಂದರೆ ಪಾದರಸ.

“ಪಾರಾ ಅಲ್ರಿ ಚಾಚಾ. ಪಾರಾ ವಿಷ. ಇದಕ್ಕ ಗ್ಯಾಲಿಯಂ ಅಂತಾರ. ಮುಷ್ಟಿ ಮುಚ್ಚಿ ಹಿಡೀರಿ, ಏನೂ ಆಗೂದಿಲ್ಲ.”

ಹಿಡಿದರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಮೇಲೇರಿತು. ಬೆರಳು ಬಿಚ್ಚಿದರೆ ಚೂರು ಕರಗಿ ಅಂಗೈಯ ಗೆರೆಗಳಲ್ಲಿ ತೂಗಾಡುತ್ತಿತ್ತು. ಚಾಚಾ ಒಳಗೆ ಕೇಳುವಂತೆ, “ಥಂಡ್ಯಾಗ ಕಲ್ಲು, ಸ್ವಲ್ಪ ಕೈಯಾಗ ಹಿಡಿದ್ರ ನೀರು. ನಮ್ಮ ಸೊಸಿ ಸ್ವಭಾವ ಐತ್ರಿ ಇದರದು,” ಎಂದರು. ಒಳಗಿನಿಂದ ಪಾತ್ರೆಯೊಂದು ಬೇಕೆಂದೇ ಜೋರಾಗಿ ಸದ್ದು ಮಾಡಿತು.

ಆಮೇಲೆ ಅವರು ಮಾಡಿದ್ದು ಗಾಜಿನ ಕೆಲಸದವರಷ್ಟೇ ಮಾಡುವಂಥದ್ದು. ಮುಂದಿದ್ದ ಗಾಜಿನ ತುಂಡಿನ ಮೇಲೆ ಅದನ್ನು ಸುರಿದು, ಧೂಳು ಐತೋ ಇಲ್ಲವೋ ಎಂದು ನೋಡುವವರಂತೆ ಹೆಬ್ಬೆರಳಿನಿಂದ ತಿಕ್ಕಿದರು. ತಿಕ್ಕಿದಲ್ಲೆಲ್ಲ ಅದು ಗಾಜಿಗೆ ಹತ್ತಿಕೊಂಡಿತು. ತಕ್ಷಣ ತುಂಡನ್ನು ಮಗುಚಿದರು. ಆಚೆ ಬದಿಯಲ್ಲಿ ಅವರ ಕಣ್ಣು, ಅರ್ಧ ಗಡ್ಡ ಕಂಡವು. ನನ್ನ ಹುಡುಗರಿಗೆ ನಾನು ಎಷ್ಟೋ ಸಲ ಇದನ್ನು ತೋರಿಸಿದ್ದೆ, ಒಬ್ಬರೂ ಗಾಜನ್ನು ತಾವಾಗಿ ಮಗುಚಿದ್ದಿಲ್ಲ.

ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಎದ್ದು ಒಳಗೆ ಹೋದರು. ಬರುವಾಗ ಹಳೇ ಸೀರೆಯಲ್ಲಿ ಸುತ್ತಿದ್ದ ಒಂದು ಕನ್ನಡಿ ತಂದರು. ಎದೆಯಷ್ಟು ಎತ್ತರದ್ದು, ಕಟ್ಟು ಕೊಳೆತು ಬಿದ್ದಿತ್ತು. ಕನ್ನಡಿಯ ತುಂಬ ಕಪ್ಪು ಕಲೆ, ಹಿಂದಿನ ಲೇಪವೆಲ್ಲ ಹೊಪ್ಪಳಿಕೆ ಎದ್ದು ಉದುರಿತ್ತು. ನೋಡಿದರೆ ಮುಖ ಕಾಣುತ್ತಿರಲಿಲ್ಲ, ಮುಖದ ಚೂರುಗಳು ಕಾಣುತ್ತಿದ್ದವು.

“ಹೊಳಿ ಊರಾಗ ಬಂದಾಗ ನೀರಾಗ ನಿಂತಿತ್ರಿ ಇದು. ಪಾರಾ ಹೋಗೇತಿ,” ಎಂದರು. ಕನ್ನಡಿಯ ಬೆನ್ನಿನ ಲೇಪಕ್ಕೂ ಅವರ ಬಾಯಲ್ಲಿ ಪಾರಾ ಎಂದೇ ಹೆಸರು.

ಅದು ಅವರ ಹೆಂಡತಿಯ ಕನ್ನಡಿ. ಹತ್ತರಗಿಯ ತವರಿನಿಂದ ಮದುವೆಯಲ್ಲಿ ಬಂದದ್ದು. ಆಕೆ ಹೋಗಿ ಬಹಳ ವರ್ಷಗಳಾಗಿದ್ದವು, ನಾನು ನೋಡಿದವಳಲ್ಲ. ಹೊಸ ಕನ್ನಡಿ ನಿಮ್ಮ ಅಂಗಡಿಯಲ್ಲೇ ಸಾಲಾಗಿ ನಿಂತಿವೆಯಲ್ಲ ಎಂದು ನಾನು ಅಂದದ್ದಕ್ಕೆ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

“ಊರ ಮಂದೀದೆಲ್ಲಾ ಫೋಟೋ ನನ್ನ ಕೈಯಾಗ ಹಾದು ಹೋಗ್ಯಾವ್ರಿ ಅಕ್ಕೋರ. ಅಕಿದೊಂದು ಇಲ್ಲ. ಬಾ ತಗಸೂಣು ಅಂದ್ರ, ನಿನ್ನ ಅಂಗಡ್ಯಾಗ ತೂಗ ಹಾಕಾಕೇನು ಅಂತಿದ್ಲು. ವೋಟಿನ ಕಾರ್ಡಿನ್ಯಾಗ ಒಂದು ಐತಿ. ಅದರಾಗ ಪೊಲೀಸ್‌ರ ಮುಂದ ಕುಂತಂಗ ಕುಂತಾಳ, ಅಕಿ ಅಲ್ಲs ಅಲ್ಲ ಅದು. ಅಕಿನ್ನ ದಿನಾ ನೋಡಿದ್ದು ಈ ಗ್ಲಾಸ್ ಒಂದs. ಇದs ಗ್ಲಾಸ್ ಇರಬೇಕು. ಹಿಂದಿಂದು ಏನರೆ ಹಚ್ಚಿ ಕೊಡ್ರಿ.”

ಲೇಪ ಹಚ್ಚಿಸಲು ಅವರು ಬೆಳಗಾವಿ, ಕೊಲ್ಹಾಪುರ ಎಲ್ಲ ತಿರುಗಿ ಬಂದಿದ್ದರಂತೆ. ಹಳೇ ಕನ್ನಡಿಗೆ ಹೊಸ ಬೆನ್ನು ಕಟ್ಟುವವರು ಯಾರೂ ಉಳಿದಿಲ್ಲ, ಬಿಸಾಕಿ ಹೊಸದು ತಗೋರಿ ಅಂದರಂತೆ. ಗಂಡಸು ಹೀಗೆ ಹೆಂಡತಿಯ ಬಗ್ಗೆ ಮಾತಾಡಿದ್ದನ್ನು ನಾನು ನಮ್ಮ ಕಡೆ ಕೇಳಿದ್ದು ಕಡಿಮೆ. ನಮ್ಮಪ್ಪ ಅವ್ವನನ್ನು “ಏ” ಎಂಬುದರ ಆಚೆ ಕರೆದದ್ದೇ ಇಲ್ಲ. ಆಗಲ್ರಿ ಚಾಚಾ, ಹಚ್ಚೂಣು ಎಂದೆ.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಒಂದು ರವಿವಾರ ಕೂತೆವು. ಉಳಿದ ಲೇಪವನ್ನು ಚಾಚಾ ತಾವೇ ಬ್ಲೇಡಿನಿಂದ ಕೆರೆದು ತೆಗೆದಿದ್ದರು, ಗಾಜಿಗೆ ಒಂದು ಗೀರು ಬೀಳಿಸಿರಲಿಲ್ಲ. ಬರಿಯ ಗಾಜು ನೆಲದ ಮೇಲೆ ಮಲಗಿತ್ತು, ಕೆಳಗೆ ಹಾಸಿದ ಸೀರೆಯ ಹೂವುಗಳು ಅದರ ಮೂಲಕ ಕಾಣುತ್ತಿದ್ದವು. ನಾನು ಹನಿ ಹನಿಯಾಗಿ ಬಿಡುವುದು, ಅವರು ಅರಳೆಯಿಂದ ತಿಕ್ಕುವುದು. ಮೊದಮೊದಲು ಗಾಜಿಗೆ ಹತ್ತದೆ ಗೋಲಿಯಂತೆ ಓಡಾಡಿತು. ತಿಕ್ಕುತ್ತ ಹೋದಂತೆ ಸೋತು ಹರಡಿಕೊಂಡಿತು. ಸೀರೆಯ ಹೂವು ಒಂದೊಂದೇ ಮುಚ್ಚಿಹೋದವು. ನಮ್ಮಿಬ್ಬರ ಕೈಯೂ ಬೂದುಬಣ್ಣವಾಗಿ, ತೊಳೆದರೂ ಹೋಗಲಿಲ್ಲ. ಇದು ಒಣಗುವ ಬಣ್ಣವಲ್ಲ, ಬೇಸಿಗೆಯಲ್ಲಿ ಹಿಂದುಗಡೆ ಹಸಿಯಾಗಿಯೇ ಇರುತ್ತದೆ ಎಂದು ಹೇಳಿದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಪ್ಲೈವುಡ್ ಇಟ್ಟೆವು.

“ಫ್ರೇಮ್ ಮಾತ್ರ ಅಲ್ಯುಮಿನಿಯಂದು ಬ್ಯಾಡ್ರಿ ಚಾಚಾ. ಇದಕ್ಕೂ ಅದಕ್ಕೂ ಆಗಿ ಬರೂದಿಲ್ಲ.”

“ಅಕಿ ಕನ್ನಡಿಗಿ ಅಲ್ಯುಮಿನಿಯಂ ಹಾಕ್ತೇನೇನ್ರಿ? ಸಾಗವಾನಿ ತಂದಿಟ್ಟೇನಿ.”

ರಂಜಾನ್ ಹಬ್ಬದ ದಿನ ಹಾಲು ಶಾವಿಗೆಯ ಸುರಕುಂಬಾ ಕುಡಿಯಲು ಕರೆದರು. ಹೋದೆ. ಕನ್ನಡಿ ಒಳಮನೆಯ ಗೋಡೆಯಲ್ಲಿತ್ತು. ಸಾಗವಾನಿಯ ಕಟ್ಟು ಎಣ್ಣೆ ಕುಡಿದು ಮಿರಿಮಿರಿ ಮಿಂಚುತ್ತಿತ್ತು. ಕನ್ನಡಿಯಂತೂ ಪೇಟೆಯ ಕನ್ನಡಿಗಿಂತ ಒಂದು ಬಣ್ಣ ಬೇರೆ, ಸ್ವಲ್ಪ ತಿಳಿ ನೀಲಿ ಬೆರೆತ ಬೆಳಕು. ಆದರೆ ಅದನ್ನು ಬಹಳ ಕೆಳಗೆ ತೂಗು ಹಾಕಿದ್ದರು. ನಾನು ಎದುರು ನಿಂತರೆ ನನ್ನ ಗದ್ದದಿಂದ ಕೆಳಗಷ್ಟೇ ಕಂಡಿತು.

“ಇಷ್ಟ್ಯಾಕ ಕೆಳಗ ಹಾಕೀರಿ?” ಎಂದೆ.

“ಮೊಳಿ ಅಲ್ಲೇ ಇತ್ರಿ ಮೊದಲಿಂದ,” ಅಂದರು. ಆಮೇಲೆ ಟೋಪಿ ಸರಿಮಾಡಿಕೊಳ್ಳಲು ಕನ್ನಡಿಯ ಮುಂದೆ ನಿಂತವರು ಮೊಣಕಾಲು ಮಡಚಿ, ಸೊಂಟ ಬಗ್ಗಿಸಿ, ತಮ್ಮ ಮುಖವನ್ನು ಅದರ ಎತ್ತರಕ್ಕೆ ತಂದುಕೊಂಡರು. ಆ ಎತ್ತರ ಆಕೆಯದು. ಅಷ್ಟು ವರ್ಷದ ಒಡನಾಟದಲ್ಲಿ ನನಗೆ ಆ ಹೆಣ್ಣುಮಗಳ ರೂಪದ ಬಗ್ಗೆ ಗೊತ್ತಾದದ್ದು ಇಷ್ಟೇ, ನನಗಿಂತ ಗಿಡ್ಡಗಿದ್ದಳು ಎಂದು. ಚಾಚಾ ಎತ್ತರದ ಆಳು. ದಿನಾ ಮುಂಜಾನೆ ನಮಾಜು ಮುಗಿಸಿ ಬಂದು ಹಾಗೆ ಬಗ್ಗಿ ನಿಲ್ಲುತ್ತಾರೆಂದು ಸೊಸೆ ನನಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. ಹೇಳುವಾಗ ಅವಳು ನಗಲಿಲ್ಲ, ಸೆರಗಿನ ತುದಿಯಿಂದ ಸುಮ್ಮನೆ ಬಟ್ಟಲು ಒರೆಸುತ್ತಿದ್ದಳು.

ಆ ಬೇಸಿಗೆ ಚಾಚಾ ಬೇರೆಯೇ ಮನುಷ್ಯರಾಗಿದ್ದರು. ಗಾಜು ಕೊಯ್ಯುವಾಗ ಏನೋ ಗುನುಗುವರು, ಗಿರಾಕಿಗಳ ಜೊತೆ ಚೇಷ್ಟೆ. ಕಿಟಕಿಯ ಪಟ್ಟಿ ಕೊಯ್ಯುತ್ತ ಕೂತ ಮಗ, “ಅಬ್ಬಾನ್ನ ನೋಡ್ರಿ, ಮದಿಮಗ ಆಗ್ಯಾನ,” ಎಂದು ನನ್ನೆದುರೇ ಕಾಡಿಸಿದರೆ ಬಾಯ್ತುಂಬ ನಗುವರು. ನಾನು ಕಾಲೇಜಿನಲ್ಲಿ ಜಗ್ಗಿದರೂ ಹರಿಯದ ತಂತಿ ಮಾಡಲು ಒದ್ದಾಡುತ್ತ, ನನ್ನ ಲೋಹ ಪ್ರಪಂಚಕ್ಕೆ ಯಾವಾಗ ಉಪಯೋಗವಾದೀತೋ ಎಂದು ಕೊರಗುತ್ತಿದ್ದವಳು. ಗೋಕಾಕದ ಒಂದು ಒಳಮನೆಯಲ್ಲಿ ಅದು ದಿನಾ ಉಪಯೋಗವಾಗುತ್ತಿದೆ ಎಂದು ನೆನೆಸಿಕೊಂಡಾಗ ಬಸ್ಸಿನ ಕುಲುಕಾಟವೂ ಹಿತವೆನಿಸುತ್ತಿತ್ತು.

ಮೇ ತಿಂಗಳ ಉರಿಬಿಸಿಲಿನ ಒಂದು ಮಧ್ಯಾಹ್ನ ಸೊಸೆ ಓಡಿಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. “ಮಾಮಾರ ಕನ್ನಡಿ ಬಿತ್ರಿ,” ಎಂದಳು, ಅಷ್ಟೇ.

ನಾನು ಹೋದಾಗ ಚಾಚಾ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಸಾಗವಾನಿಯ ಕಟ್ಟು ಒಂದು ಕಡೆ, ಗಾಜು ಮನೆ ತುಂಬ. ಅಂಗೈಗಿಂತ ದೊಡ್ಡ ಚೂರು ಒಂದೂ ಉಳಿದಿರಲಿಲ್ಲ. ಯಾರನ್ನೂ ಹತ್ತಿರ ಬಿಡದೆ ತಾವೇ ಆರಿಸುತ್ತಿದ್ದರು. ಮೊಳೆ ಗೋಡೆಯಲ್ಲಿ ಗಟ್ಟಿಯಾಗಿಯೇ ಇತ್ತು. ಕಟ್ಟೂ ಗಟ್ಟಿಯಾಗಿತ್ತು. ಹಾಗಾದರೆ ಬಿದ್ದದ್ದು ಹೇಗೆ ಎಂದು ಕಟ್ಟನ್ನು ಮಗುಚಿ ನೋಡಿದೆ. ಹಿಂದುಗಡೆ, ಭಾರದ ಕನ್ನಡಿಗಳಿಗೆಲ್ಲ ಅವರು ಅಡ್ಡ ಹೊಡೆಯುತ್ತಿದ್ದ ಪಟ್ಟಿ. ಮಗನ ಕಿಟಕಿ ಕೆಲಸದಲ್ಲಿ ಉಳಿದ ಅಲ್ಯುಮಿನಿಯಂ ಪಟ್ಟಿ. ಇಡೀ ಕನ್ನಡಿ ಮೊಳೆಗೆ ನೇತಾಡುತ್ತಿದ್ದದ್ದು ಅದರ ಮೇಲೆ. ಸ್ಕ್ರೂ ಹೊಡೆದ ತೂತುಗಳಲ್ಲಿ ಪಟ್ಟಿಯನ್ನು ಕಾಯುವ ಮೇಲ್ಪದರ ಹೋಗಿತ್ತು. ಬಿಸಿಲಿಗೆ ಕರಗಿದ ಗ್ಯಾಲಿಯಂ ಪ್ಲೈವುಡ್ಡಿನ ಅಂಚಿನಿಂದ ಇಳಿದು ಅಲ್ಲಿಗೆ ಸೇರಿಕೊಂಡಿತ್ತು. ನಾನು ಬೆರಳಿನಿಂದ ಮುಟ್ಟಿದ್ದೇ ತಡ, ಅದು ಕಡಕ್ ರೊಟ್ಟಿಯ ಹಾಗೆ ಮುರಿದು ಕೈಗೆ ಬಂತು.

ಚಾಚಾ ಆ ಚೂರನ್ನು ನೋಡಿದರು, ನನ್ನನ್ನು ನೋಡಿದರು.

“ಫ್ರೇಮ್ ಬ್ಯಾಡ ಅಂದಿದ್ರಿ. ಪಟ್ಟಿ ಫ್ರೇಮ್ ಅಲ್ಲಲ್ರಿ…” ಎಂದರು. ಜಗಳದ ದನಿಯಲ್ಲ. ಜೀವಮಾನವಿಡೀ ಕಟ್ಟು ಹಾಕಿದ ಮನುಷ್ಯ, ಕಣ್ಣಿಗೆ ಕಾಣುವ ನಾಲ್ಕು ಬದಿಯೇ ಕಟ್ಟು ಎಂದು ನಂಬಿದವರು. ಹಿಂದಿನ ಪಟ್ಟಿ ಅವರ ಲೆಕ್ಕದಲ್ಲಿ ಮೊಳೆ, ಸ್ಕ್ರೂಗಳ ಜಾತಿಯದು. ಕನ್ನಡಿ ಬಿದ್ದೀತೆಂಬ ಭಯಕ್ಕೇ ಉಳಿದ ಕನ್ನಡಿಗಳಿಗಿಂತ ದಪ್ಪನೆಯ ಪಟ್ಟಿ ಹುಡುಕಿ ಹಾಕಿದ್ದರಂತೆ. ನನಗೆ ಅಳು ತಡೆಯಲಾಗಲಿಲ್ಲ. ಅವರೇ ನನಗೆ ಸಮಾಧಾನ ಹೇಳುವಂತಾಯಿತು.

“ಬ್ಯಾರೆ ಗ್ಲಾಸಿಗಿ ಹಚ್ಚೂಣೇನ್ರಿ?” ಎಂದೆ.

“ಸಾಕ್ರಿ ಅಕ್ಕೋರ,” ಎಂದು ನಗಲು ನೋಡಿದರು. “ದಿನಾ ಬಗ್ಗಿ ಬಗ್ಗಿ ಸೊಂಟಾನೂ ಹಿಡಕೊಂಡಿತ್ತು.” ಆಮೇಲೆ ದನಿ ಇಳಿಸಿ, “ಖರೆ ಹೇಳಬೇಕಂದ್ರ, ಅದರಾಗ ನಾನs ಕಾಣ್ತಿದ್ದೆ, ಅಕಿ ಎಲ್ಲಿಂದ ಕಾಣಬೇಕು. ಆದ್ರ ಅಕಿ ನಿಂತ ಜಾಗಾದಾಗ ನಿಂತಂಗ ಆಗ್ತಿತ್ತು…” ಎಂದರು. ಅದಾದ ಮೇಲೆ ಆ ವಿಷಯ ಅವರಾಗಿ ಎತ್ತಲಿಲ್ಲ.

ಒಡೆದ ಗಾಜು ಮನೆಯಲ್ಲಿಟ್ಟರೆ ಆಕೆ ಬಯ್ಯುತ್ತಿದ್ದಳಂತೆ, ಅದಕ್ಕೆ ಒಂದು ಚೂರನ್ನೂ ಇಟ್ಟುಕೊಳ್ಳಲಿಲ್ಲ. ಪ್ರತಿ ಚೂರಿನ ಬೆನ್ನಿನಿಂದಲೂ ಲೋಹವನ್ನು ಬಟ್ಟೆಯಲ್ಲಿ ಒರೆಸಿ ತೆಗೆದರು. ಹನಿಗಳು ಒಂದನ್ನೊಂದು ಹುಡುಕಿಕೊಂಡು ಹೋಗಿ ಕೂಡಿಕೊಂಡವು. ಅಷ್ಟನ್ನೂ ನನ್ನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಕೈಗೆ ಕೊಟ್ಟರು. ಗೋಡೆಯ ಮೊಳೆಯನ್ನು ಮಾತ್ರ ಕೀಳಲಿಲ್ಲ. ಆಮೇಲೆ ನಾನು ಹೋದಾಗಲೆಲ್ಲ ಅದಕ್ಕೆ ಅವರ ಟೋಪಿ ನೇತಾಡುತ್ತಿತ್ತು. ಸಿಕ್ಕಿಸಲು ಬಗ್ಗಬೇಕಿತ್ತು, ತೆಗೆದುಕೊಳ್ಳಲೂ ಬಗ್ಗಬೇಕಿತ್ತು.

ಮುಂದೆ ನಾನು ಹುಕ್ಕೇರಿಯಲ್ಲೇ ಮನೆ ಮಾಡಿದೆ. ಬಸ್ಸಿನ ಓಡಾಟ ಮೈಗೆ ಒಗ್ಗದಾಗಿತ್ತು. ಗೋಕಾಕಕ್ಕೆ ಬರುವುದು ಅಪರೂಪವಾಯಿತು. ಬಂದರೂ ಬಸ್ಸಿಗೆ ಹೊತ್ತಾಯಿತು, ಮುಂದಿನ ಸಲ ನೋಡಿದರಾಯಿತು ಎಂದು… ಚಾಚಾ ಹೋದ ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಸೊಸೆ ಫೋನಿನಲ್ಲಿ ಅಳಲಿಲ್ಲ, ನಾನೇ ಅತ್ತೆ. ನಿಮ್ಮ ಹೆಸರು ತೆಗೀತಿದ್ರು ಎಂದಳು.

ಲ್ಯಾಪ್‌ಟಾಪ್ ತಗೊಂಡು ಅವತ್ತು ಆ ಓಣಿಗೆ ಹೋದೆ. ಮಗ ಇಡೀ ಅಂಗಡಿಯನ್ನು ಕಿಟಕಿ ಕೆಲಸಕ್ಕೆ ಮಾಡಿಕೊಂಡಿದ್ದಾನೆ. ಈಗ ಯಾರೂ ಫೋಟೋಕ್ಕೆ ಕಟ್ಟು ಹಾಕಿಸುವುದಿಲ್ಲವಂತೆ, ಎಲ್ಲರ ಫೋಟೋ ಅವರವರ ಫೋನಿನಲ್ಲೇ ಇದೆ. ಗೋಡೆ ಖಾಲಿ. ಸೊಸೆ ಚಹಾ ಕೊಟ್ಟಳು. ಚಾಚಾನ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ. ಆಧಾರ್ ಕಾರ್ಡಿನದು ಐತಿ ಎಂದು ತಂದು ತೋರಿಸಿದಳು. ನೋಡಿ ಹಿಂದಕ್ಕೆ ಕೊಟ್ಟೆ. ಅದು ಅವರಲ್ಲ.

ಮನೆಗೆ ಬಂದು ನನ್ನ ಫೋನನ್ನೆಲ್ಲ ಜಾಲಾಡಿದೆ. ಅಷ್ಟು ವರ್ಷ ಅಷ್ಟು ಸಂಜೆಗಳನ್ನು ಅವರ ಬಾಕಿನ ಮೇಲೆ ಕಳೆದವಳು, ಪ್ರಯೋಗಶಾಲೆಯ ಹನಿಹನಿಯ ಫೋಟೋ ತೆಗೆದವಳು, ಒಂದು ಸಲವಾದರೂ ಆ ಮುಖದ ಕಡೆ ಫೋನು ತಿರುಗಿಸಬಾರದಿತ್ತೇ? ಸಿಕ್ಕಿದ್ದು ಒಂದೇ. ಆ ರಂಜಾನಿನ ದಿನ ಕನ್ನಡಿಯದು ತೆಗೆದದ್ದು. ನೆನಪಾಯಿತು. ನಾನು ಫೋನು ಎತ್ತಿದಾಗ ಚಾಚಾ ಬಗ್ಗಿ ನಿಂತು ಕನ್ನಡಿಯೊಳಗೆ ನನ್ನ ಹಿಂದೆಯೇ ಇದ್ದರು, ಹೊಸ ಅಂಗಿ, ಕಣ್ಣಿಗೆ ಸುರ್ಮಾ. “ತಡೀರಿ ತಡೀರಿ, ಕನ್ನಡಿ ಫೋಟೋದಾಗ ಮಂದಿ ಬರಬಾರದ್ರಿ, ಕೆಲಸ ಕಾಣಬೇಕು,” ಎಂದು ಪಕ್ಕಕ್ಕೆ ಸರಿದು, ಕಟ್ಟು ಓರೆಯಾಗದಂತೆ ಕೈ ಚಾಚಿ ಹಿಡಿದುಕೊಂಡರು. ನಾನೂ ಹೌದೆಂದು ಕಾದು, ಅವರು ಪೂರ್ತಿ ಸರಿದ ಮೇಲೆಯೇ ಒತ್ತಿದೆ.

ಕೆಲಸ ಚೆನ್ನಾಗಿ ಕಾಣುತ್ತದೆ. ಕನ್ನಡಿಯ ಒಳಗೆ ಎದುರಿನ ಗೋಡೆ, ನನ್ನ ಸೀರೆಯ ನಿರಿಗೆ, ಒಂದು ಸುರಕುಂಬಾದ ಬಟ್ಟಲು. ಎಡಗಡೆಯ ಅಂಚಿನಲ್ಲಿ ಸಾಗವಾನಿಯನ್ನು ಹಿಡಿದ ಚಾಚಾನ ಬೆರಳುಗಳು, ಗ್ಯಾಲಿಯಂನ ಬೂದು ಇನ್ನೂ ಉಗುರಿನ ಸಂದಿಯಲ್ಲಿದೆ. ಫೋಟೋವನ್ನು ಎಷ್ಟು ದೊಡ್ಡದು ಮಾಡಿದರೂ ಅವರು ಇನ್ನೊಂದು ಚೂರು ಈಚೆಗೆ ಬರುವುದಿಲ್ಲ.